ಮಗನ ಉಗುರಿಗೆ ನಾನೇ ಹಚ್ಚಿದ ಶಾಯಿ

ಅದು 2005ನೇ ಇಸವಿಯ ಒಂದು ಪಲ್ಸ್ ಪೋಲಿಯೊ ಭಾನುವಾರ. ಆಗ ನಾನು ಹಿರೇಕೊಡಿಗೆ ಕಡೆಯ ಅಂಗನವಾಡಿಯೊಂದರಲ್ಲಿ ಟೀಚರ್. ಮಕ್ಕಳ ಬಾಯಿಗೆ ಎರಡು ಹನಿ ಹಾಕಿ ಕಿರುಬೆರಳಿನ ಉಗುರಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಆದರೆ ನನ್ನ ಮೂರು ವರ್ಷದ ಮಗ ಸುಹಾಸನಿಗೆ ಮಾತ್ರ ಆ ಹನಿ ಹಾಕುವಂತಿರಲಿಲ್ಲ.

ಮೇಲಿಂದ ಮೇಲೆ ನ್ಯುಮೋನಿಯಾ ಆಗುತ್ತಿದ್ದುದರಿಂದ ಮಂಗಳೂರಿನ ಡಾಕ್ಟರು ಅವನ ರಕ್ತ ಪರೀಕ್ಷೆ ಮಾಡಿಸಿದ್ದರು. ರೋಗದ ಜೊತೆ ಹೋರಾಡುವ ಪ್ರತಿಕಾಯಗಳಲ್ಲಿ ಒಂದು ಬಗೆಯದು ಅವನ ಮೈಯಲ್ಲಿ ವಿಪರೀತ ತಯಾರಾಗುತ್ತಿತ್ತು, ಉಳಿದವು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪೋಲಿಯೊ ಹನಿಯಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಬೇರೆ ಮಕ್ಕಳಿಗೆ ಅದೇ ರಕ್ಷಣೆ, ಇವನಿಗೆ ಅಪಾಯ. ಈ ದೋಷ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ ಎಂದೂ ಹೇಳಿದರು. ತಂಗಿಗೆ ಗಂಡು ನೋಡುತ್ತಿದ್ದ ಸಮಯ. ಅಕ್ಕನಲ್ಲಿದ್ದರೆ ತಂಗಿಯಲ್ಲೂ ಇರಬಹುದು ಎಂದು ಜನ ಹಿಂಜರಿದಾರು ಎಂದು ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಉಗುರಲ್ಲಿ ಗುರುತಿಲ್ಲದಿದ್ದರೆ ಯಾರಾದರೂ ಕೇಳುತ್ತಾರೆ ಎಂದು, ಅಂದು ಬೆಳಿಗ್ಗೆ ಮನೆಯಲ್ಲೇ ಸುಹಾಸನ ಉಗುರಿಗೆ ಶಾಯಿ ಹಚ್ಚಿ, ಅವನನ್ನೂ ಕರೆದುಕೊಂಡು ಅಂಗನವಾಡಿಗೆ ಹೊರಟೆ. ಎಂಥ ಪೆದ್ದುತನ!

ಆಸ್ಪತ್ರೆಯಿಂದ ಲಸಿಕೆ ಡಬ್ಬ ಬರುವುದು ತಡವಾಯಿತು. ಅದರ ಮುಚ್ಚಳ ತೆಗೆಯುವಾಗಲೇ ಪಕ್ಕದ ಮನೆಯ ಗಿರಿಜಕ್ಕ ಮೊಮ್ಮಗಳನ್ನು ಎತ್ತಿಕೊಂಡು ಎದುರಿಗೆ ನಿಂತರು.

"ಡಬ್ಬ ಈಗ ಬಂತು. ನಿಮ್ಮ ಸುಹಾಸನ ಉಗುರಿಗೆ ಆಗಲೇ ಶಾಯಿ ಹೆಂಗೆ ಬಂತು ಟೀಚರೇ?"

ಹಿಂದಿನಿಂದ ಯಾರೋ, "ಹನೀಲಿ ಎಂತದೋ ಇದೆ ಮಾರಾಯ್ತಿ. ಅವ್ರ ಮಗನಿಗೇ ಹಾಕ್ಲಿಲ್ಲ ನೋಡು" ಎಂದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಟೇಬಿಟ್ಟರು.

ಇಷ್ಟು ಮಕ್ಕಳು ಹನಿಯಿಲ್ಲದೆ ಹೋದರೆ ಅದಕ್ಕೆ ನಾನೇ ಕಾರಣ. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ತಪ್ಪು ನಂದು, ಹನೀದಲ್ಲ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಕಾಯಿಲೆ ನನ್ನಿಂದಲೇ ಬಂದಿದ್ದು ಎಂಬುದನ್ನೂ ಬಿಡಲಿಲ್ಲ. "ಅವನಿಗೆ ಹಾಕಂಗಿಲ್ಲ ಅಂತ ಡಾಕ್ಟರು ಬರ್ದು ಕೊಟ್ಟಿದಾರೆ. ನಿಮ್ಮ ಮಕ್ಳಿಗೆ ಹಾಕಿಸ್ಲೇಬೇಕು. ಬೇಡ ಅನ್ನೋರು ನನ್ನ ಮುಖ ನೋಡಿ ಹೇಳಿ."

ಗಿರಿಜಕ್ಕ ನನ್ನನ್ನೇ ದಿಟ್ಟಿಸಿದರು. "ಇದನ್ನ ಮೊದ್ಲೇ ಹೇಳೋಕೆ ನಿಂಗೆಂತ ಆಗಿತ್ತೇ?" ಎಂದು ಗದರಿ, ಬೆಂಚಿನ ಮೇಲೆ ಕೂತು ಮೊಮ್ಮಗಳ ಬಾಯಿ ಅಗಲಿಸಿ ಹಿಡಿದರು. "ಹಾಕು ಮಾರಾಯ್ತಿ."

ಒಬ್ಬೊಬ್ಬರೇ ಬಾಗಿಲಿಂದ ಹಿಂದಕ್ಕೆ ಬಂದರು. ಇಬ್ಬರು ಮಾತ್ರ ಹೊರಟುಹೋದರು. ಮರುದಿನ ಅವರ ಮನೆಗಳಿಗೆ ನಾನೇ ಹೋದೆ. ಒಂದು ಮನೆಯವರು ಒಪ್ಪಿದ್ದು ಮೂರನೇ ಸಲ ಹೋದಾಗ, ಅಲ್ಲಿಯವರೆಗೂ ಬಿಡಲಿಲ್ಲ ನಾನು.

ಸುಹಾಸ ಈಗ ನನಗಿಂತ ಎತ್ತರ ಬೆಳೆದಿದ್ದಾನೆ. ಇವತ್ತಿಗೂ ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಪ್ರತಿಕಾಯ ಹಾಕಿಸಿಕೊಳ್ಳುತ್ತಾನೆ. ತಂಗಿಗೆ ಬಂದಿದ್ದ ಸಂಬಂಧ ಮಾತ್ರ ಸುದ್ದಿ ಹರಡಿದ ವಾರದಲ್ಲೇ ಮುರಿಯಿತು. ಅವಳೆದುರು ಕೂತು ಅತ್ತುಬಿಟ್ಟೆ.

"ಗೊತ್ತಿದ್ದು ಬರೋರೇ ಬರ್ಲಿ ಬಿಡಕ್ಕ" ಎಂದಳು ಅವಳು.

ಅವಳಿಗಿಂತ ಎಂಟು ವರ್ಷ ದೊಡ್ಡವಳು ನಾನು. ನನಗೆ ಆ ಧೈರ್ಯ ಬರಲು ಅಷ್ಟು ಜನರೆದುರು ಸಿಕ್ಕಿಬೀಳಬೇಕಾಯಿತು.