ಒಂದೇ ಮಷೀನು, ಎರಡು ಸಂಸಾರ

ಮಳವಳ್ಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿದ್ದ ಒಂದೇ ಒಳ್ಳೆ ಮಷೀನಿನಲ್ಲಿ ನಾನು ಎರಡು ಸಂಸಾರ ಹೂಡಿಕೊಟ್ಟಿದ್ದೆ. ಬೆಳಿಗ್ಗೆ ಆಫೀಸು ನೋಡಿಕೊಳ್ಳುವ ಜಯಮ್ಮನವರಿಗೆ ವಿಂಡೋಸು. ಮಧ್ಯಾಹ್ನ ವಿದ್ಯಾರ್ಥಿಗಳ ಅಭ್ಯಾಸಕ್ಕೆ, ತನ್ನೊಳಗೇ ಹತ್ತು ಕಂಪ್ಯೂಟರ್ ನಡೆಸುವ ಸರ್ವರು. ಆನ್ ಮಾಡಿದಾಗ ಬರುವ ಪಟ್ಟಿಯಲ್ಲಿ ಹತ್ತು ಸೆಕೆಂಡಿನೊಳಗೆ ವಿಂಡೋಸ್ ಆರಿಸದಿದ್ದರೆ ಸರ್ವರೇ ಏಳುತ್ತದೆ. ಕರೆಂಟು ಹೋಗಿ ಬಂದರೂ ತಾನಾಗೇ ಏಳಲಿ ಅಂತ ಹಾಗೆ ಇಟ್ಟಿದ್ದೆ.

"ನೀವ್ ಯೋಳಿದ್ ಪಟ್ಟಿ ಬರಾಕಿಲ್ಲ ಸಾ, ಬರೀ ಕಪ್ಪು ಪರದೆ" ಅಂತ ಜಯಮ್ಮನವರ ಫೋನು. ಎರಡು ಸಲ ಮಂಡ್ಯದಿಂದ ಬಸ್ಸು ಹತ್ತಿ ಹೋದೆ. ನಾನು ಆನ್ ಮಾಡಿದರೆ ಎಲ್ಲ ಸರಿ. ಮೂರನೇ ಸಲ, ಕಂಡುಹಿಡಿಯದೆ ಮೇಲೇಳುವುದಿಲ್ಲ ಅಂತ ಪಕ್ಕದಲ್ಲೇ ಕುರ್ಚಿ ಹಾಕಿ ಕೂತು, "ನೀವೇ ಆನ್ ಮಾಡಿ" ಅಂದೆ.

ಅವರು ಸ್ವಿಚ್ಚು ಒತ್ತಿದರು. ಊದುಬತ್ತಿ ಹಚ್ಚಿ, ಕರ್ಪೂರ ಬೆಳಗಿ, ಕಣ್ಣು ಮುಚ್ಚಿ ಮಷೀನಿಗೆ ಕೈಮುಗಿದರು. ಕಣ್ಣು ಬಿಡುವಷ್ಟರಲ್ಲಿ ಪಟ್ಟಿ ಬಂದು ಹೋಗಿ, ಸರ್ವರಿನ ಕಪ್ಪು ಪರದೆ ಎದ್ದಿತ್ತು.

"ಪೂಜೆ ಮುಗಿಸಿ ಆನ್ ಮಾಡಬಾರದೇನಮ್ಮಾ?" ಅಂದೆ.

"ಜೀವ ಇಲ್ದಿದ್ದಕ್ಕೆ ಆರತಿ ಎತ್ತಕ್ಕಾಯ್ತದಾ ಸಾ?" ಅಂದರು.

ಹತ್ತು ಸೆಕೆಂಡನ್ನು ಎರಡು ನಿಮಿಷ ಮಾಡಿದೆ. ಕೆಲಸದ ವರದಿಯಲ್ಲಿ ಬದಲಾವಣೆಗೆ ಕಾರಣ ಕೇಳಿದ್ದ ಜಾಗದಲ್ಲಿ 'ಮಂಗಳಾರತಿ' ಅಂತಲೇ ಬರೆದು ಸಹಿ ಹಾಕಿದೆ.