ಆಕ್ಷೇಪಣೆ ಇಲ್ಲ ಎಂದು ಬರೆದೆ

ಹಾಲಿನಜ್ಜಿಯ ಬೆರಳುಗಳ ಒಳಬದಿಯಲ್ಲಿ ಜೊಂಡು ಕೊಯ್ದ ಗೆರೆಗಳು ಅಡ್ಡಡ್ಡ ಇದ್ದವು. ಕೆಲವು ಮಾಗಿ ಬೆಳ್ಳಗಾಗಿದ್ದವು, ಒಂದೆರಡು ಯಾವಾಗಲೂ ಹಸಿ. ಆ ಕೈಯಲ್ಲೇ ಹಾಲು ಅಳೆದು ಹುಯ್ದು, ಆಮೇಲೆ ಚೂರು ಕೊಸರು ಹಾಕಿ "ಇದು ಬೆಕ್ಕಿಗೆ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಜಯನಗರದ ನಮ್ಮ ಬೀದಿಗೆ ಪ್ಯಾಕೆಟ್ ಹಾಲು ಬಂದು ಎಷ್ಟೋ ವರ್ಷಗಳಾಗಿದ್ದರೂ ನಾವು ನಾಲ್ಕೈದು ಮನೆಯವರು ಅವರನ್ನು ಬಿಟ್ಟಿರಲಿಲ್ಲ. ಅವರದು ಜೆ.ಪಿ. ನಗರದೊಳಗೆ ಸೇರಿಹೋದ ಒಂದು ಹಳೆಯ ಊರು. ಹೊಲವೆಲ್ಲ ಸೈಟುಗಳಾಗಿದ್ದವು. ಮನೆ ಬಾಡಿಗೆ ಬರುತ್ತಿತ್ತು, ಕೂತು ಉಣ್ಣಬಹುದಿತ್ತು. ಹಸುಗಳಿಲ್ಲದ ಮನೆಯಲ್ಲಿ ಬೆಳಗಾಗುವುದು ಹೇಗೆ ಎಂದು ಕೇಳುತ್ತಿದ್ದರು. ಹಾಗಾಗಿ ಎರಡು ಹಸು ಉಳಿಸಿಕೊಂಡಿದ್ದರು. ಮೇವು ಊರ ಕೆರೆಯದು.

ಒಂದು ಭಾನುವಾರ ನನ್ನನ್ನು ಆ ಕೆರೆಗೆ ಕರೆದುಕೊಂಡು ಹೋದರು. ಜೊಂಡಿನ ನಡುವೆ ಅಲ್ಲಲ್ಲಿ ನಾಲ್ಕೈದು ಎಲೆ ಸೇರಿಸಿ ಗಂಟು ಹಾಕಿತ್ತು. ಒಳಗೆ ನೀರುಕೋಳಿಯ ಗೂಡಿದೆ ಎಂಬುದಕ್ಕೆ ಗುರುತು ಅದು. ಗಂಟು ಕಂಡರೆ ಹುಲ್ಲು ಕೊಯ್ಯುವ ಯಾರೂ ಆ ಕಡೆ ಕುಡುಗೋಲು ಹಾಕುತ್ತಿರಲಿಲ್ಲ.

"ಮರಿ ನೀರಿಗಿಳಿದ್ಮೇಲೆ ಬಿಚ್ಚೋದೂ ನಾವೇ," ಎಂದರು.

ನಾನಾಗ ಸರ್ಕಾರಿ ಕಚೇರಿಯೊಂದರಲ್ಲಿ ಮಸೂದೆಗಳ ಕರಡು ಬರೆಯುವ ಕೆಲಸದಲ್ಲಿದ್ದೆ. ನಗರದ ಹಕ್ಕಿಗಳ ನೆಲೆಗಳನ್ನು ಕಾಪಾಡುವ ಮಸೂದೆಯೊಂದು ಬಂತು. ಹಾಲಿನಜ್ಜಿಯ ಊರ ಕೆರೆಯೂ ಅದರ ಪಟ್ಟಿಯಲ್ಲಿತ್ತು. ಯಾರು ಒಳಗೆ ಹೋಗಬಹುದು, ಯಾವ ಹೊತ್ತಿನಲ್ಲಿ, ಏನನ್ನು ಮುಟ್ಟಬಾರದು ಎಂಬ ಭಾಗ ನನ್ನ ಪಾಲಿನದು. ವಾಕಿಂಗ್ ಮಾಡುವವರು, ಫೋಟೊ ತೆಗೆಯುವವರು ಮೊದಲೇ ಮನವಿ ಕೊಟ್ಟಿದ್ದರು, ಅವರಿಗೆ ಪ್ರವೇಶ ಸಿಕ್ಕಿತ್ತು. ಒಳಗಿನ ಹುಲ್ಲು, ಸೌದೆ, ಯಾವುದನ್ನೂ ಹೊರಗೆ ಒಯ್ಯತಕ್ಕದ್ದಲ್ಲ ಎಂಬ ಸಾಲೂ ಇತ್ತು.

ಜನರ ಅಭಿಪ್ರಾಯ ಕೇಳಲು ಬನಶಂಕರಿಯಲ್ಲಿ ಸಭೆ ಕರೆದರು. ಹಾಲಿನಜ್ಜಿಗೆ ಬನ್ನಿ ಎಂದವಳು ನಾನೇ. ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು, ಹಾಜರಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಮೊದಲ ಸಾಲಿನಲ್ಲಿ ಕೂತರು. ಮೈಕು ಕೈಗೆ ಬಂದಾಗ ಅವರ ದನಿ ಒಂದಿಷ್ಟೂ ನಡುಗಲಿಲ್ಲ.

"ಬೇಲಿ ಹಾಕಿ ಸಾರ್, ಬ್ಯಾಡ ಅನ್ನಲ್ಲ. ವಾರಕ್ಕೆರಡು ದಿನ ಹುಲ್ಲಿಗೆ ಬಿಡಿ. ಗೂಡು ಎಲ್ಲೈತೆ ಅಂತ ನಮ್ಗೆ ಗೊತ್ತು."

ಆಮೇಲೆ ಗಂಟಿನ ವಿಷಯ ಹೇಳಿದರು. ಹಿಂದೆ ಯಾರೋ ನಕ್ಕರು. ಅಜ್ಜಿ ನನ್ನ ಕಡೆ ಕೈ ತೋರಿಸಿ, ಆ ಅಮ್ಮ ಕಣ್ಣಾರೆ ನೋಡಿದ್ದಾರೆ, ಕೇಳಿ ಎಂದರು. ಮೇಲಧಿಕಾರಿ ನನ್ನತ್ತ ತಿರುಗಿದರು. ನಾನು ಫೈಲಿನಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ.

ಸಭೆಯ ವರದಿ ಬರೆಯಬೇಕಾದವಳು ನಾನು. ಆ ಬೇಡಿಕೆಯನ್ನು ಬರೆದಿದ್ದರೆ ಕರಡು ತಿದ್ದುಪಡಿಗೆ ವಾಪಸು ಬರುತ್ತಿತ್ತು. ಮೇಲಧಿಕಾರಿಗೆ ವರದಿ ಮರುದಿನವೇ ಬೇಕಿತ್ತು. ನನ್ನ ಬಡ್ತಿಯ ಕಡತ ಅವರ ಮೇಜಿನ ಮೇಲಿತ್ತು. ಸ್ಥಳೀಯರು ಹಾಜರಿದ್ದರು, ಆಕ್ಷೇಪಣೆ ಇಲ್ಲ ಎಂದು ಬರೆದೆ. ಪುರಾವೆಗೆ ಹೆಬ್ಬೆಟ್ಟಿನ ಹಾಳೆಯನ್ನೇ ಲಗತ್ತಿಸಿದೆ. ಬಡ್ತಿ ಬಂತು.

ಕಾಯ್ದೆಯಾಯಿತು, ಕೆರೆಗೆ ಬೇಲಿ ಬಂತು. ಒಂದು ಬೆಳಿಗ್ಗೆ ನಾನು ಒಳಗೆ ವಾಕಿಂಗ್ ಮಾಡುತ್ತಿದ್ದಾಗ ಸೆಕ್ಯೂರಿಟಿಯವನು ಹಾಲಿನಜ್ಜಿಯನ್ನು ಗೇಟಿನಲ್ಲಿ ತಡೆದಿದ್ದು ಕಂಡಿತು. ಒರಟಾಗಿ ಏನೂ ಆಡಲಿಲ್ಲ, ಕಾನೂನು ಹಾಗಿದೆ ಅಜ್ಜಿ ಎಂದ, ಅಷ್ಟೆ. ಅವರು ಬೇಲಿಯಾಚೆಯಿಂದ ನನ್ನನ್ನು ನೋಡಿದರು.

"ನಾನು ಹೇಳಿದ್ದು ಬರ್ಕೊಂಡ್ರಿ ಅಲ್ವಾ ಅಮ್ಮಾ?"

"ಬರ್ದಿದ್ದೆ ಅಜ್ಜಿ. ಮೇಲಿನವರು ಒಪ್ಪಲಿಲ್ಲ," ಅಂದೆ.

ಅವರು ನನ್ನನ್ನೇ ಸಮಾಧಾನ ಮಾಡುವಂತೆ, ಹೋಗಲಿ ಬಿಡಿ, ನೀವೇನು ಮಾಡಕ್ಕಾಗುತ್ತೆ ಎಂದು ಖಾಲಿ ಚೀಲ ಮಡಚಿಕೊಂಡು ಹೊರಟರು. ಕೊಂಡ ಮೇವಿನಲ್ಲಿ ಒಂದು ಬೇಸಗೆ ತಳ್ಳಿ, ಹಸುಗಳನ್ನು ಹಳ್ಳಿಯ ನೆಂಟರಿಗೆ ಕೊಟ್ಟುಬಿಟ್ಟರು. ಕಡೆಯ ದಿನದ ಹಾಲಿಗೂ ಕೊಸರು ಹಾಕಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ದಿನ ಹೋದೆ. ಮಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಂದಿದ್ದ ನೆಂಟರಿಗೆಲ್ಲ ಪರಿಚಯ ಮಾಡಿಕೊಟ್ಟಳು.

"ಇವ್ರೇ ಆ ಮೇಡಮ್ಮು. ನಮ್ ಪರವಾಗಿ ಬರ್ದವ್ರು ಇವ್ರೊಬ್ರೇ ಅಂತ ಅಮ್ಮ ಸಾಯೋವರ್ಗೂ ಹೇಳ್ತಿದ್ರು."

ನೆಂಟರೆಲ್ಲ ನನಗೆ ಕೈಮುಗಿದರು. ನಾನೂ ಮುಗಿದೆ.