ಜರುಗಿಸಿದ ಬಂಡೆ

ಮೀನಾಕ್ಷಿ ಅಕ್ಕಾ, ಇಳಕಲ್ಲಿನ ಕ್ವಾರಿಯಲ್ಲಿ ನಿಮ್ಮ ಸಂಶೋಧನೆ ಕೆಡಿಸಿದವನು ನಾನು. ತಪ್ಪು ನಿಮ್ಮದಲ್ಲ — ಒಂದಿಷ್ಟೂ ಅಲ್ಲ.

ಒಬ್ಬರೇ ಗುರುಗಳ ಕೈಕೆಳಗಿದ್ದೆವು. ಕೆಂಪು ಕಲ್ಲನ್ನು ಸೀಳಿ ಮೇಲೆದ್ದ ಕರಿಕಲ್ಲಿನ ಪಟ್ಟಿಯ ವಯಸ್ಸು ಹುಡುಕುವುದು ನಿಮ್ಮ ಕೆಲಸ. ಕುದಿಯುವ ಕಲ್ಲು ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಕಾಲದ ಉತ್ತರ ದಿಕ್ಕನ್ನು ಹಿಡಿದು ಕೂತುಬಿಡುತ್ತವೆ. ವಯಸ್ಸು ಗೊತ್ತಿರುವ ಕಲ್ಲುಗಳ ದಿಕ್ಕಿಗೆ ಅದನ್ನು ಹೋಲಿಸಬೇಕು — ನನಗೆ ಕಲಿಸಿದವರೇ ನೀವು. ಕಲ್ಲು ಹುಟ್ಟಿದ ಜಾಗದಿಂದ ಕದಲಿರಬಾರದು ಎಂದೂ ಕಲಿಸಿದ್ದಿರಿ.

ಅವತ್ತು ನಿಮಗೆ ಜ್ವರ. ಪಟ್ಟಿಯನ್ನು ಕೈಮಾಡಿ ತೋರಿಸಿ, ಜಾಲಿಯ ನೆರಳಿನಲ್ಲಿ ಮಲಗುತ್ತ ಅಂದಿರಿ: “ನೀ ಅದಿಯಲ್ಲೋ ತಮ್ಮಾ, ನನಗ್ಯಾಕ ಚಿಂತಿ?”

ಕೊರೆಯುವ ಯಂತ್ರಕ್ಕೆ ನೀರು ಬೇಕು. ನೀರಿನ ಡಬ್ಬಿ ಹೊತ್ತು ಆ ಬಿಸಿಲಲ್ಲಿ ಪಟ್ಟಿಯವರೆಗೆ ಕೆಳಗಿಳಿಯಲು ಬೇಜಾರು. ದಾರಿಯ ಮಗ್ಗುಲಲ್ಲೇ ಅದೇ ಕರಿಕಲ್ಲಿನ ಬಂಡೆಯೊಂದಿತ್ತು — ಕ್ವಾರಿಯವರು ಕಿತ್ತು ಜರುಗಿಸಿದ್ದು. ನೋಡಿದ ಕೂಡಲೇ ಗೊತ್ತಾಗಿತ್ತು, ಅಕ್ಕಾ. ಆದರೂ ಅದರಲ್ಲೇ ಕೊರೆದೆ. ತುಂಡುಗಳ ಮೇಲೆ ದಿಕ್ಕಿನ ಗೆರೆಗಳನ್ನು ಮಾತ್ರ ಬಹಳ ಚೊಕ್ಕಟವಾಗಿ ಎಳೆದೆ.

ಅವು ಬೇರೆಯೇ ದಿಕ್ಕು ತೋರಿಸಿದವು. ನಂಬಿದ ನೀವು ಪಟ್ಟಿಗೆ ಬೇರೆಯೇ ವಯಸ್ಸು ಕಟ್ಟಿದಿರಿ. ಮುಂದೆ ಇನ್ಯಾರೋ ಬಂದು ಆ ಪಟ್ಟಿಯನ್ನೇ ಕೊರೆದರು. ನಿಮ್ಮ ಮಾತು ಸುಳ್ಳಾಯಿತು. ತುಂಡು ಎಲ್ಲಿಂದ ತಂದೆ ಎಂದು ಗುರುಗಳು ಎಲ್ಲರೆದುರು ನನ್ನನ್ನು ಕೇಳಿದರು. ನಾನು — ನಿಮ್ಮ ಕಡೆ ನೋಡದೆ —

“ಅಕ್ಕಾರು ಎಲ್ಲಿ ತೋರಿಸಿದ್ರೋ ಅಲ್ಲೇ ಕೊರದೇನ್ರಿ ಸರ್.”

ನೀವು, “ಜ್ವರದಾಗ ನಾನ ತಪ್ಪು ತೋರಿಸಿರಬೇಕ್ರಿ” ಎಂದಿರಿ. ನನ್ನನ್ನು ನಂಬಿ ನಿಮ್ಮನ್ನೇ ನೀವು ಅನುಮಾನಿಸಿದಿರಲ್ಲ — ನಾನು ಮಾಡಿದ ದ್ರೋಹ ಅದು. ಬಂಡೆಯದು ಅದಕ್ಕಿಂತ ಸಣ್ಣದು. ನೀವು ಸಂಶೋಧನೆ ಬಿಟ್ಟು ಬಾದಾಮಿಯ ಸಾಲಿಗೆ ಟೀಚರ್ ಆಗಿ ಹೋದಿರಿ. ನನಗೆ ಪದವಿ ಬಂತು, ಕಾಲೇಜಿನಲ್ಲಿ ನೌಕರಿ ಬಂತು.

ಮೊನ್ನೆ ನಿಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮಲ್ಲಿ ಸೇರಿದಳು. ಬಂಡೆ ತೋರಿಸುವಾಗೆಲ್ಲ ನೀವು ಮೊದಲು ನಿಮ್ಮದೇ ತಪ್ಪನ್ನು ಹೇಳಿ ಮಕ್ಕಳನ್ನು ಎಚ್ಚರಿಸುತ್ತೀರಂತೆ. ನಗುತ್ತ ಹೇಳಿದಳು. ಅವಳ ಮುಂದೆಯೂ ನಾನು ಬಾಯಿ ಬಿಡಲಿಲ್ಲ...

ಇವತ್ತು ಬೆಳಿಗ್ಗೆ ಗುರುಗಳ ಮನೆಗೆ ಹೋಗಿ ಎಲ್ಲ ಹೇಳಿದೆ. ಬಾಗಿಲಲ್ಲೇ ನಿಂತು ಕೇಳಿದರು, ಒಳಗೆ ಕರೆಯಲಿಲ್ಲ.

ನಾಳೆ ಬಾದಾಮಿಗೆ ಬರುತ್ತೇನೆ. ತಪ್ಪು ಯಾರದೆಂದು ನಿಮ್ಮ ಮಕ್ಕಳೆದುರು ಹೇಳಲು ಬಿಡಿ. ಆಮೇಲೆ ಹೊರಗೆ ನಡೆ ಎಂದರೆ ನಡೆಯುತ್ತೇನೆ.